ಟ್ಯಾಂಕಿನ ಮಟ್ಟ ಹೇಳುವ ಯಂತ್ರ: ಕೂರಿಸುವುದರಲ್ಲಿದೆ ಗುಟ್ಟು

ಮೈಸೂರಿನವರಿಗೆ 124.80 ಅಂದರೆ ಸಾಕು, ಏನೆಂದು ವಿವರಿಸಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಮಟ್ಟ, ಅಡಿ ಲೆಕ್ಕದಲ್ಲಿ. ಇವತ್ತು ಕಟ್ಟೆಯಲ್ಲಿ ಎಷ್ಟಿದೆ ಅಂತ ಪೇಪರು ನೋಡಿ ಹೇಳುತ್ತೇವೆ. ನಮ್ಮದೇ ಮನೆಯ ಟ್ಯಾಂಕಿನಲ್ಲಿ ಎಷ್ಟಿದೆ ಅಂದರೆ ಮಾತ್ರ ಏಣಿ ಹತ್ತಬೇಕು!

ಕುಂಬಾರಕೊಪ್ಪಲು ಈಗ ಊರೊಳಗೇ ಸೇರಿಹೋಗಿದೆ. ಮನೆ ಹಿಂದೆ ನಮಗೆ ಉಳಿದಿರುವುದು ಹನ್ನೆರಡು ಗುಂಟೆ. ಅದರಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ. ಕೊಟ್ಟಿಗೆಯಲ್ಲಿ ಮೂರು ಹಸು. ಎಲ್ಲಕ್ಕೂ ಒಂದೇ ಬೋರ್‌ವೆಲ್, ಒಂದೇ ಟ್ಯಾಂಕು. 2023ರಲ್ಲಿ ಮಳೆ ಕೈಕೊಟ್ಟ ಮೇಲೆ 2024ರ ಬೇಸಿಗೆಯಲ್ಲಿ ಬೋರು ಒಂದೊಂದು ಗಂಟೆ ಓಡಿ ಸುಸ್ತಾಗುತ್ತಿತ್ತು. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 60-80 ಲೀಟರು ಕುಡಿಯುತ್ತದೆ. ಟ್ಯಾಂಕು ತುಂಬಿ ಹರಿದರೆ ಮರುದಿನದ ನೀರು ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಅಪ್ಪ ರಾತ್ರಿ ಹೊತ್ತು ಏಣಿ ಹತ್ತಿ ಟಾರ್ಚು ಬಿಟ್ಟು ನೋಡುತ್ತಿದ್ದರು. ಒಂದು ದಿನ ಕೆಳಗಿನ ಮೆಟ್ಟಿಲಲ್ಲಿ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡರು. ಯಂತ್ರ ಹಾಕುವ ಯೋಚನೆ ಬಂದದ್ದು ಆಗ.

ಮೊದಲು ತಂತಿ, ಆಮೇಲೆ ಶಬ್ದ

ಶುರುವಿಗೆ ಅಗ್ಗದ ದಾರಿ ಹಿಡಿದೆ. ಬೇರೆ ಬೇರೆ ಎತ್ತರಕ್ಕೆ ತಾಮ್ರದ ತಂತಿ ಇಳಿಬಿಟ್ಟು, ನೀರು ತಾಗಿದಾಗ ಒಂದೊಂದು ದೀಪ ಹೊತ್ತುವ ಹಾಗೆ ಮಾಡುವುದು. ಕೆಲಸವೇನೋ ಮಾಡಿತು. ಆದರೆ ನೀರಿನಲ್ಲಿ ಸದಾ ಒಂದೇ ದಿಕ್ಕಿಗೆ ಕರೆಂಟು ಹರಿದರೆ ಒಂದು ಕಡೆಯ ತಂತಿ ಕರಗುತ್ತಾ ಹೋಗುತ್ತದೆ. ಜೊತೆಗೆ ನಮ್ಮ ಗಡಸು ನೀರಿನ ಸುಣ್ಣ ಬೇರೆ. ನಾಲ್ಕು ತಿಂಗಳಿಗೆ ತಂತಿಯ ತುದಿಯೇ ಇರಲಿಲ್ಲ.

ಆಮೇಲೆ ನೀರಿಗೆ ತಾಗದ ಸೆನ್ಸರು ತಂದೆ. ಬಾವಿಯೊಳಕ್ಕೆ ಬಗ್ಗಿ ಕೂಗಿದರೆ ದನಿ ವಾಪಸು ಬರುತ್ತದಲ್ಲ, ಇದೂ ಹಾಗೆಯೇ. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಶಬ್ದವನ್ನು ನೀರಿನ ಕಡೆಗೆ ಬಿಡುತ್ತದೆ, ಅದು ತಗಲಿ ಹಿಂದಿರುಗಲು ಎಷ್ಟು ಹೊತ್ತಾಯಿತು ಅಂತ ಎಣಿಸುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಹೋಗುತ್ತದೆ. ಹೋಗಿ ಬರುವ ಸಮಯದಲ್ಲಿ ಅರ್ಧ ಹಿಡಿದರೆ ದೂರ ಸಿಕ್ಕಿತು. ಲೆಕ್ಕ ಮಾಡುವುದಕ್ಕೆ ಆರ್ಡುಯಿನೋ ಎಂಬ ಸಣ್ಣ ಹಲಗೆ. ಪಾಲಿಟೆಕ್ನಿಕ್ ಓದುತ್ತಿರುವ ಅಕ್ಕನ ಮಗ ಪ್ರೋಗ್ರಾಂ ಬರೆದುಕೊಟ್ಟ. ಸೆನ್ಸರು, ಹಲಗೆ, ಅಂಕಿ ತೋರುವ ಪರದೆ, ಮೂರು ದೀಪ, ತಂತಿ ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು.

ಅಪ್ಪ ಕುಟ್ಟಿ ಹೇಳಿದ್ದು

ನಾನು ಆತುರಗಾರ. ಮುಚ್ಚಳಕ್ಕೆ ತೂತು ಹೊಡೆದು ಸೆನ್ಸರು ಸಿಕ್ಕಿಸಿಬಿಟ್ಟೆ. ಒಂದು ವಾರ ಚೆನ್ನಾಗಿಯೇ ತೋರಿಸಿತು. ಒಂದು ಸಂಜೆ ಬೋರಿಗೆ ಸ್ವಲ್ಪ ಉಸಿರು ಬಂದಿತ್ತು, ಮೋಟರು ಓಡುತ್ತಿತ್ತು. ತುಂಬಲು ಇನ್ನೂ 18 ಸೆಂಟಿಮೀಟರ್ ಬಾಕಿ ಅಂತ ಪರದೆ ಹೇಳುತ್ತಲೇ ಇತ್ತು. ಅಪ್ಪ ಟ್ಯಾಂಕಿನ ಪಕ್ಕ ನಿಂತು ಬೆರಳಿನ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಕುಟ್ಟಿ ನೋಡಿ, "ಲೋ, ತುಂಬೋಗದೆ ಕಣ್ಲಾ, ಆಫ್ ಮಾಡು" ಅಂದರು. "ಯಂತ್ರ ಸುಳ್ಳು ಹೇಳ್ತದಾ ಅಪ್ಪಾ?" ಅಂದೆ. ಅಷ್ಟು ಹೊತ್ತಿಗೆ ಓವರ್‌ಫ್ಲೋ ಪೈಪಿನ ನೀರು ಪಕ್ಕದ ಮನೆ ಅಂಗಳದಲ್ಲಿತ್ತು. ಮರುದಿನ ಬೆಳಿಗ್ಗೆ ಬೋರು ಬರೀ ಗಾಳಿ ಉಗುಳಿತು. ಹಸುಗಳಿಗೆ ಬೀದಿ ನಲ್ಲಿಯಿಂದ ಕೊಡದಲ್ಲಿ ಹೊತ್ತೆ.

ತಪ್ಪು ಯಂತ್ರದ್ದಲ್ಲ, ಕೂರಿಸಿದವನದು. ಈ ಜಾತಿಯ ಸೆನ್ಸರಿಗೆ ಮೂಗಿನ ಹತ್ತಿರದ್ದು ಕಾಣುವುದಿಲ್ಲ. ಶಬ್ದ ಬಿಟ್ಟ ಮೇಲೆ ಗಂಟೆಯ ಹಾಗೆ ತಾನೇ ಕ್ಷಣ ಹೊತ್ತು ಅದುರುತ್ತಿರುತ್ತದೆ; ಅಷ್ಟರೊಳಗೆ ಬಂದ ದನಿ ಅದಕ್ಕೆ ಕೇಳಿಸದು. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರ ಇದ್ದದ್ದೆಲ್ಲ ಅದಕ್ಕೆ ಕುರುಡು. ನನ್ನ ಟ್ಯಾಂಕು ತುಂಬಿದಾಗ ನೀರಿಗೂ ಸೆನ್ಸರಿಗೂ ಇದ್ದ ಅಂತರ 18 ಸೆಂಟಿಮೀಟರ್. ಮೊದಲ ದನಿ ತಪ್ಪಿತು. ಅದೇ ದನಿ ಮುಚ್ಚಳಕ್ಕೆ ಬಡಿದು, ಮತ್ತೆ ನೀರಿಗೆ ಹೋಗಿ, ಎರಡನೇ ಸಲ ಬಂದದ್ದನ್ನು ಹಿಡಿದು 36 ಅಂತ ಲೆಕ್ಕ ಹಾಕಿತು. ತುಂಬಿದ ಟ್ಯಾಂಕು ಹೀಗೆ ಕೊರೆಯಾಯಿತು.

ಬಕೆಟಿನ ಉಪಾಯ

ಸೆನ್ಸರನ್ನು ಮೇಲಕ್ಕೆ ಎತ್ತಬೇಕು, ಅಷ್ಟೇ. ಹಳೆಯದೊಂದು ಪೇಂಟಿನ ಬಕೆಟು ತೆಗೆದುಕೊಂಡೆ. ಅದರ ತಳದ ಮಧ್ಯಕ್ಕೆ ತೂತು ಮಾಡಿ ಸೆನ್ಸರು ಕೂರಿಸಿ, ಬಕೆಟನ್ನು ಟ್ಯಾಂಕಿನ ಮುಚ್ಚಳದ ಮೇಲೆ ಬೋರಲು ಹಾಕಿ ಸ್ಕ್ರೂ ಬಿಗಿದೆ. ಮುಚ್ಚಳವನ್ನು ಬಕೆಟಿನ ಬಾಯಿಯಷ್ಟೇ ಅಗಲಕ್ಕೆ ಕತ್ತರಿಸಿ. ಅಂಚು ಒಳಕ್ಕೆ ಚಾಚಿದರೆ ಅದೇ ದನಿ ಕೊಡುತ್ತದೆ. ಸಂದಿಗೆ ಅಂಟು ಹಾಕಿದರೆ ಸೊಳ್ಳೆಯೂ ಹೋಗದು.

ಇನ್ನು ಗಮನಿಸಬೇಕಾದ್ದು:

1. ನೀರು ಬೀಳುವ ಪೈಪಿನಿಂದ ದೂರ ಇರಲಿ. ಬೀಳುವ ಧಾರೆ ತಗಲಿದರೆ ಅಂಕಿ ಕುಣಿಯುತ್ತದೆ. ಶಬ್ದ ಟಾರ್ಚಿನ ಬೆಳಕಿನ ಹಾಗೆ ಹರಡುತ್ತಾ ಹೋಗುವುದರಿಂದ ಗೋಡೆಗೂ ಹತ್ತಿರ ಬೇಡ.

2. ಸೆನ್ಸರಿನ ಮುಖ ನೆಟ್ಟಗೆ ಕೆಳಕ್ಕಿರಲಿ. ಬೋರಲು ಬಕೆಟಿನ ಮೇಲೆ ರಸಮಟ್ಟ ಇಟ್ಟು ನೋಡಿ.

3. ನೀರು ತಡೆಯುವುದು ಸೆನ್ಸರಿನ ತಲೆ ಮಾತ್ರ. ಅದರ ಹಲಗೆ ನೆನೆದರೆ ಕೆಡುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಟ್ಯಾಂಕಿನ ನೆರಳಿಗೆ ಕಟ್ಟಿ.

4. ಮೊಬೈಲ್ ಚಾರ್ಜರು ಮನೆಯೊಳಗಿರಲಿ, ಟ್ಯಾಂಕಿನ ಹತ್ತಿರ ಹೋಗುವುದು 5 ವೋಲ್ಟು ಮಾತ್ರ. ಮೋಟರು ತಾನೇ ನಿಲ್ಲಬೇಕೆಂದರೆ ಸ್ಟಾರ್ಟರಿನ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರೇ ಮಾಡಲಿ.

5. ಒಂದೇ ಅಳತೆ ನಂಬಬಾರದು. ನಮ್ಮ ಪ್ರೋಗ್ರಾಂ ಐದು ಸಲ ಅಳೆದು ನಡುವಿನ ಅಂಕಿ ಹಿಡಿಯುತ್ತದೆ.

6. ಜೀವಾಮೃತದ ಡ್ರಮ್ಮಿಗೆ ಹಾಕಬೇಡಿ. ನೊರೆ ಶಬ್ದವನ್ನು ನುಂಗುತ್ತದೆ.

ಲೀಟರಿನ ಲೆಕ್ಕ

ಯಂತ್ರ ಅಳೆಯುವುದು ನೀರನ್ನಲ್ಲ, ನೀರಿಲ್ಲದ ಜಾಗವನ್ನು. ಇದು ತಲೆಯಲ್ಲಿರಲಿ. ಈಗ ನಮ್ಮಲ್ಲಿ ಸೆನ್ಸರಿನಿಂದ ತಳಕ್ಕೆ 205 ಸೆಂಟಿಮೀಟರ್, ಓವರ್‌ಫ್ಲೋ ಮಟ್ಟಕ್ಕೆ 45. ಯಂತ್ರ 125 ಎಂದರೆ 205ರಲ್ಲಿ ಅದನ್ನು ಕಳೆಯಿರಿ, ನೀರು 80 ಸೆಂಟಿಮೀಟರ್. ಟ್ಯಾಂಕಿನ ಒಳ ಅಗಲ 120 ಸೆಂಟಿಮೀಟರ್, ಅಂದರೆ ಒಂದು ಸೆಂಟಿಮೀಟರಿಗೆ 11.3 ಲೀಟರು. ಎಂಬತ್ತಕ್ಕೆ ಸುಮಾರು 900 ಲೀಟರು. ಕಟ್ಟೆಯಲ್ಲಿ ಹೀಗೆ ಗುಣಿಸಲು ಬರುವುದಿಲ್ಲ; ತಳ ಕಿರಿದು, ಮೇಲೆ ಅಗಲ, ಅರ್ಧ ಎತ್ತರಕ್ಕೆ ಅರ್ಧ ನೀರು ಇರುವುದಿಲ್ಲ. ನೆಟ್ಟಗಿನ ದುಂಡು ಟ್ಯಾಂಕಿಗೆ ಈ ತೊಂದರೆ ಇಲ್ಲ. ಮಲಗಿಸಿದ ಡ್ರಮ್ಮಾದರೆ ಇದೆ.

ಬಿಸಿಲೂ ಸ್ವಲ್ಪ ಮೋಸ ಮಾಡುತ್ತದೆ. ಗಾಳಿ ಬಿಸಿಯಾದಷ್ಟೂ ಶಬ್ದದ ಓಟ ಜೋರು. 20 ಡಿಗ್ರಿಯಲ್ಲಿ 343 ಮೀಟರು, 35ರಲ್ಲಿ ಸುಮಾರು 352. ಕರಿ ಟ್ಯಾಂಕು ಮಧ್ಯಾಹ್ನ ಬರಿದಾಗಿದ್ದರೂ 5 ಸೆಂಟಿಮೀಟರ್ ನೀರಿದೆ ಎನ್ನಬಹುದು. ಹೀಗಾಗಿ ಕೆಂಪು ದೀಪವನ್ನು ತಳಕ್ಕೆ ಇಡದೆ 20 ಸೆಂಟಿಮೀಟರಿಗೇ ಇಟ್ಟಿದ್ದೇನೆ.

ಕಡೆಗೆ ಕೋಲಿನ ಪರೀಕ್ಷೆ. ಅಳತೆ ಗೀಚಿದ ಬಿದಿರು ಕೋಲನ್ನು ಬೆಳಿಗ್ಗೆ ತಂಪಿನಲ್ಲಿ ತಳ ಮುಟ್ಟುವವರೆಗೆ ಇಳಿಸಿ, ನೆನೆದಷ್ಟನ್ನು ಯಂತ್ರದ ಲೆಕ್ಕದ ಜೊತೆ ಹೋಲಿಸಿ. ತುಂಬಿದಾಗ, ಅರ್ಧ ಇದ್ದಾಗ, ತಳಕ್ಕೆ ಬಂದಾಗ, ಹೀಗೆ ಮೂರು ಸಲ ನೋಡಬೇಕು. ಮೂರರಲ್ಲೂ ಒಂದೇ ಅಂತರ ಬಂದರೆ 205 ಎಂಬ ಅಂಕಿಯನ್ನು ಅಷ್ಟು ತಿದ್ದಿದರೆ ಆಯಿತು. ತುಂಬಿದಾಗ ಮಾತ್ರ ತಪ್ಪಿದರೆ ಸೆನ್ಸರು ಇನ್ನೂ ತಗ್ಗಿನಲ್ಲಿದೆ ಎಂದು ಅರ್ಥ. ನಾನು ಮೊದಲೇ ಇದನ್ನು ಮಾಡಿದ್ದರೆ ಪಕ್ಕದ ಮನೆಯವರ ಕೈಲಿ ಬೈಸಿಕೊಳ್ಳುತ್ತಿರಲಿಲ್ಲ. ಆಮೇಲೂ ತಿಂಗಳಿಗೊಮ್ಮೆ ಸೆನ್ಸರಿನ ಮುಖ ಒರೆಸಿ. ಕೂತ ಹನಿಗಳೂ ಅಂಕಿ ಕೆಡಿಸುತ್ತವೆ.

ಈಗ ಮೂರು ದೀಪ ಕೊಟ್ಟಿಗೆ ಬಾಗಿಲಲ್ಲೇ ಇವೆ. ಹಸಿರು ಹೊತ್ತಿದರೆ ಮೋಟರು ನಿಲ್ಲಿಸುತ್ತೇವೆ. ಏಣಿಯನ್ನು ಅಟ್ಟಕ್ಕೆ ಏರಿಸಿದ್ದೇವೆ, ತಿಂಗಳಿಗೊಮ್ಮೆ ಇಳಿಸುವವನು ನಾನು. ಅಪ್ಪ ಮಾತ್ರ ದೀಪ ನೋಡಿಯೂ ಒಂದು ಸಲ ಟ್ಯಾಂಕು ಕುಟ್ಟಿಯೇ ಮಲಗುತ್ತಾರೆ. ಬೇಡ ಅಂತ ನಾನು ಹೇಳುವುದಿಲ್ಲ.