ಆಟೋರಿಕ್ಷಾ ಕಾಣದ ಕಾರು

ಇಲ್ಲಿ ಫೋರ್ಟ್ ಲೀಯಲ್ಲಿ, ಜಾರ್ಜ್ ವಾಷಿಂಗ್ಟನ್ ಸೇತುವೆಯ ಕಡೆ ವಾಹನಗಳು ಎಷ್ಟೇ ಒತ್ತಾಗಿ ನಿಂತರೂ ಹೆಚ್ಚಿನವು ತಮ್ಮ ಲೇನಿನಲ್ಲೇ ಇರುತ್ತವೆ. ಚಾಲಕನಿಲ್ಲದ ಕಾರು ಬೆಂಗಳೂರಿಗೆ ಯಾವಾಗ ಬರುತ್ತದೆ ಎಂದು ನಮ್ಮ ಕೂಟದ ಮಕ್ಕಳು ಕೇಳುತ್ತಾರೆ. ತೊಡಕಿರುವುದು ಎಂಜಿನ್ನಿನಲ್ಲಲ್ಲ, ಕಾರಿನ ಕಣ್ಣಿಗೆ ಕಲಿಸಿದ ಪಾಠದಲ್ಲಿ.

ಯಾವುದು ರಸ್ತೆ, ಯಾವುದು ಮನುಷ್ಯ ಎಂಬುದನ್ನು ಈ ಕಾರುಗಳು ಗುರುತು ಹಾಕಿಟ್ಟ ಸಾವಿರಾರು ಚಿತ್ರಗಳಿಂದ ಕಲಿಯುತ್ತವೆ. ಸಂಶೋಧಕರು ಬಹಳವಾಗಿ ಬಳಸಿದ 'ಸಿಟಿಸ್ಕೇಪ್ಸ್' ಸಂಗ್ರಹದ ಚಿತ್ರಗಳು ಹೆಚ್ಚಾಗಿ ಜರ್ಮನಿಯ ನಗರಗಳವು. ಅದರಲ್ಲಿ ಆಟೋರಿಕ್ಷಾ ಎಂಬ ವರ್ಗವೇ ಇಲ್ಲ. ವೈದ್ಯರಿಗೆ ಇಂಥದ್ದು ಹೊಸದಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಈ ಕೊರತೆ ತುಂಬಲು ಹೈದರಾಬಾದಿನ ಐಐಐಟಿಯವರು 2018ರಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳ ಸುಮಾರು 10,000 ಚಿತ್ರಗಳನ್ನು 34 ವರ್ಗಗಳಲ್ಲಿ ಗುರುತಿಸಿ ಹೊರತಂದರು. ಆಟೋ ಇದೆ, ಪ್ರಾಣಿಗಳಿವೆ. ನನಗೆ ಹಿಡಿಸಿದ್ದು ಇನ್ನೊಂದು ವರ್ಗ: ರಸ್ತೆಯಲ್ಲದಿದ್ದರೂ ಬೇಕಾದರೆ ಗಾಡಿ ಇಳಿಸಬಹುದಾದ ಬದಿಯ ಮಣ್ಣು. ಎದುರಿಗೆ ಬಸ್ಸು ಬಂದರೆ ಊರ ದಾರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ ತಾನೆ!

2023ರ ಜೂನ್‌ನಲ್ಲಿ ಬೆಂಗಳೂರಿನ ಮೈನಸ್ ಜೀರೊ ಕಂಪನಿ ಕ್ಯಾಮೆರಾಗಳನ್ನೇ ನೆಚ್ಚಿದ 'ಝಡ್‌ಪಾಡ್' ಎಂಬ ಮಾದರಿ ವಾಹನವನ್ನು ತೋರಿಸಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ, ಚಾಲಕರ ಕೆಲಸ ಹೋಗುತ್ತದೆಂದು ಇಂಥ ಕಾರುಗಳನ್ನು ಬಿಡುವುದಿಲ್ಲ ಎಂದರು. ಅವರ ಕಾಳಜಿ ಸುಳ್ಳಲ್ಲ. ಆದರೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸ್ಟೀರಿಂಗ್ ಚಾಲಕನ ಕೈಯಲ್ಲೇ ಇರಲಿ. ಅವನು ತೂಕಡಿಸಿದಾಗ, ಕತ್ತಲಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಎದುರಾದಾಗ ತಾನೇ ಬ್ರೇಕ್ ಹಾಕುವ ಲಾರಿಗೂ ಬೇಕಾದದ್ದು ನಮ್ಮ ರಸ್ತೆಗಳನ್ನು ನೋಡಿ ಕಲಿತ ಇದೇ ಕಣ್ಣು.