ಇಂಗ್ಲಿಷಿನ ಜೋಡುನುಡಿಗಳು: ರುಜು ಹಾಕುವ ಮುನ್ನ ಅರಿಯಬೇಕಾದದ್ದು

ಪೆರ್ಡೂರು: ಸಾಲಸೋಲ, ಕೂಲಿನಾಲಿ, ಹಣ್ಣುಹಂಪಲು, ನಂಟರಿಷ್ಟರು. ಕನ್ನಡ ವ್ಯಾಕರಣವು ಜೋಡುನುಡಿಗಳೆಂದು ಕರೆಯುವ ಇಂತಹ ಮಾತುಗಳನ್ನು ನಾವಾರೂ ಬಿಡಿಸಿ ನೋಡುವುದಿಲ್ಲ. ‘ಸಾಲಸೋಲ ಮಾಡಿ ಮನೆ ಕಟ್ಟಿಸಿದರು’ ಎಂದಾಗ ಅಲ್ಲಿ ಸೋಲಿನ ಪ್ರಸ್ತಾಪವಿಲ್ಲ. ‘ನಾಲಿ’ಗಂತೂ ಬಿಡಿಯಾಗಿ ಅರ್ಥವೇ ಇಲ್ಲ. ಇಂಗ್ಲಿಷಿನಲ್ಲಿಯೂ ಇಂತಹ ಜೋಡಿಗಳು ಹೇರಳವಾಗಿವೆ. ಆದರೆ ಅಲ್ಲಿ ಕೆಲವು ಜೋಡಿಗಳ ಎರಡನೆಯ ಪದ ಬರಿಯ ಅಲಂಕಾರ, ಇನ್ನು ಕೆಲವುಗಳಲ್ಲಿ ಅದೇ ಪದ ನಮ್ಮ ಆಸ್ತಿಪಾಸ್ತಿಯ ಮೇಲೆ ಹೊರೆ ಹೊರಿಸಬಲ್ಲದು.

ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ ಕೇಳಿಬರುವ ಪೆರ್ಡೂರಿನಂತಹ ಊರುಗಳಲ್ಲಿ ಇಂಗ್ಲಿಷ್ ಬಹುಮಟ್ಟಿಗೆ ಎದುರಾಗುವುದು ಬ್ಯಾಂಕಿನ ಅರ್ಜಿ, ಬಾಡಿಗೆ ಕರಾರು ಹಾಗೂ ಗ್ಯಾರಂಟಿ ಕಾರ್ಡುಗಳ ರೂಪದಲ್ಲಿ. ಆದುದರಿಂದ ಈ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ.

ಒಂದೇ ಅರ್ಥದ ಜೋಡಿಗಳು

‘ಕಿತ್ ಅಂಡ್ ಕಿನ್’ ಎಂಬುದು ನಮ್ಮ ‘ನಂಟರಿಷ್ಟರು’ ಇದ್ದಂತೆ. ಹಿಂದೆ ‘ಕಿತ್’ ಎಂದರೆ ಪರಿಚಿತರು, ‘ಕಿನ್’ ಎಂದರೆ ರಕ್ತಸಂಬಂಧಿಗಳು. ಈಗ ಎರಡೂ ಸೇರಿ ಬಂಧುಬಳಗ ಎಂಬ ಅರ್ಥವಷ್ಟೇ ಉಳಿದಿದೆ. ‘ಒಟ್ಟಾರೆಯಾಗಿ’ ಎಂಬ ಅರ್ಥದ ‘ಬೈ ಅಂಡ್ ಲಾರ್ಜ್’ ಹಾಯಿಹಡಗಿನವರ ಮಾತು. ಗಾಳಿಗೆ ಎದುರಾಗಿಯೂ ಗಾಳಿಯೊಡನೆಯೂ ಸಾಗಬಲ್ಲ ಹಡಗನ್ನು ಅವರು ಹಾಗೆ ಬಣ್ಣಿಸುತ್ತಿದ್ದರು.

ಕಾನೂನಿನ ಜೋಡಿಗಳಿಗೆ ಬೇರೊಂದು ಇತಿಹಾಸವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ನ್ಯಾಯಾಲಯಗಳಲ್ಲಿ ಫ್ರೆಂಚ್ ಹಾಗೂ ಲ್ಯಾಟಿನ್ ಬೇರೂರಿದವು. ದೇಶಿ ಪದದ ಮಗ್ಗುಲಲ್ಲೇ ಪರಭಾಷೆಯ ಪದವನ್ನೂ ಬರೆಯುವ ರೂಢಿ ಬಲವಾಯಿತು. ‘ವಿಲ್ ಅಂಡ್ ಟೆಸ್ಟಮೆಂಟ್’ ಇದಕ್ಕೆ ಉದಾಹರಣೆ: ಮೊದಲನೆಯದು ಅಚ್ಚ ಇಂಗ್ಲಿಷ್, ಎರಡನೆಯದು ಲ್ಯಾಟಿನ್ ಮೂಲದ್ದು. ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ‘ವಿಲ್’ ಎಂಬ ಒಂದೇ ಪದ ಸಾಕಾಗಿದೆ. ‘ನಲ್ ಅಂಡ್ ವಾಯ್ಡ್’ ಎಂಬಲ್ಲಿಯೂ ‘ಅಸಿಂಧು’ ಎಂಬ ಒಂದೇ ಅರ್ಥ ಎರಡು ಬಾರಿ ಬಂದಿದೆ.

‘ವೇರ್ ಅಂಡ್ ಟೇರ್’ ಎಂದರೆ ದಿನಬಳಕೆಯಿಂದಾಗುವ ಸವೆತ. ಅರ್ಥ ಒಂದೇ ಆದರೂ ಪರಿಣಾಮ ಕಾಗದದಿಂದ ಕಾಗದಕ್ಕೆ ಬೇರೆ. ಬಾಡಿಗೆ ಕರಾರಿನಲ್ಲಿ ಈ ಸವೆತವನ್ನು ಹೊರತುಪಡಿಸಿದ್ದರೆ ಬಾಡಿಗೆದಾರನಿಗೆ ಅನುಕೂಲ, ಏಕೆಂದರೆ ಗೋಡೆಯ ಬಣ್ಣ ಮಾಸಿದ್ದಕ್ಕೆ ಆತ ಹಣ ತೆರಬೇಕಾಗಿಲ್ಲ. ಗ್ಯಾರಂಟಿ ಕಾರ್ಡಿನಲ್ಲಿ ಹೊರತುಪಡಿಸಿದ್ದರೆ ಗ್ರಾಹಕನಿಗೆ ನಷ್ಟ, ಸವೆದ ಬಿಡಿಭಾಗವನ್ನು ಆತ ಸ್ವಂತ ಹಣದಿಂದಲೇ ಬದಲಾಯಿಸಿಕೊಳ್ಳಬೇಕು.

ಎರಡೂ ಪದಕ್ಕೆ ತೂಕವಿರುವಾಗ

ಸಾಲದ ಪತ್ರಗಳಲ್ಲಿ ಕಾಣುವ ‘ಜಾಯಿಂಟ್ಲಿ ಅಂಡ್ ಸೆವೆರಲಿ’ ಎಂಬ ಜೋಡಿಯಲ್ಲಿ ಎಚ್ಚರ ಬೇಕು. ‘ಸೆವೆರಲ್’ ಎಂದರೆ ‘ಹಲವು’ ಎಂದು ನಾವು ಕಲಿತಿದ್ದೇವೆ. ಇಲ್ಲಿ ಉಳಿದಿರುವುದು ಅದರ ಹಳೆಯ ಅರ್ಥ: ‘ಪ್ರತ್ಯೇಕವಾಗಿ’. ಮೂವರು ಕೂಡಿ 3 ಲಕ್ಷ ರೂಪಾಯಿ ಸಾಲಕ್ಕೆ ರುಜು ಹಾಕಿದರೆ ತಲಾ 1 ಲಕ್ಷವಷ್ಟೇ ತಮ್ಮ ಹೊಣೆ ಎಂದು ಭಾವಿಸುವುದು ಸಹಜ. ಆದರೆ ಬ್ಯಾಂಕು ಪೂರ್ತಿ 3 ಲಕ್ಷವನ್ನು ಮೂವರಲ್ಲಿ ಯಾರೊಬ್ಬರಿಂದಲೂ ವಸೂಲು ಮಾಡಬಹುದು. ಹಣ ತೆತ್ತವರು ಉಳಿದಿಬ್ಬರಿಂದ ಅವರ ಪಾಲನ್ನು ಕೇಳಿ ಪಡೆಯಬೇಕಾಗುತ್ತದೆ.

ಜಾಮೀನುದಾರರ ಸ್ಥಿತಿಯೂ ಇದಕ್ಕಿಂತ ಹಗುರವಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಮೊದಲು ಸಾಲಗಾರನಿಂದ ವಸೂಲಿಗೆ ಯತ್ನಿಸಿ, ಆ ಬಳಿಕವೇ ಜಾಮೀನುದಾರನ ಬಳಿಗೆ ಬರಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಒಪ್ಪಲಿಲ್ಲ.

ಜಂಟಿ ಖಾತೆಯ ‘ಐದರ್ ಆರ್ ಸರ್ವೈವರ್’ ಎಂಬುದೂ ಹೀಗೆಯೇ. ಇಬ್ಬರಲ್ಲಿ ಯಾರಾದರೂ ಖಾತೆ ನಡೆಸಬಹುದು, ಒಬ್ಬರು ತೀರಿಕೊಂಡರೆ ಉಳಿದವರು ಹಣ ಪಡೆಯಬಹುದು. ಇದರ ಬದಲು ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರು ಹಣ ತೆಗೆಯುವಂತಿಲ್ಲ. ಉಳಿದವರ ಕೈಗೆ ಹಣ ಸಂದಾಯವಾದ ಮಾತ್ರಕ್ಕೆ ಇತರ ವಾರಸುದಾರರ ಹಕ್ಕು ಅಳಿಯುವುದಿಲ್ಲ ಎಂಬುದೂ ನೆನಪಿರಲಿ.

ಉಡುಪಿಯು ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲಿಯೇ. 2020ರಲ್ಲಿ ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡವು. ಬ್ಯಾಂಕಿನ ಹೆಸರು ಬದಲಾದರೂ ಪತ್ರಗಳಲ್ಲಿನ ಈ ಜೋಡುನುಡಿಗಳು ಹಾಗೆಯೇ ಇವೆ. ನೆರೆಯವರ ಸಾಲಕ್ಕೆ ದಾಕ್ಷಿಣ್ಯದಿಂದ ಜಾಮೀನು ನಿಲ್ಲುವವರು ಪತ್ರದಲ್ಲಿ ‘ಅಂಡ್’ ಅಥವಾ ‘ಆರ್’ ಕಂಡಲ್ಲೆಲ್ಲ ಅದರ ಎರಡೂ ಬದಿಯ ಪದಗಳ ಅರ್ಥವನ್ನು ಅಧಿಕಾರಿಗಳಿಂದ ಕೇಳಿ ತಿಳಿದುಕೊಂಡು, ಆ ಬಳಿಕವೇ ರುಜು ಹಾಕುವುದು ಲೇಸು.