ನಮ್ಮ ಬೀದಿಯ ಹೆಸರು ಮತ್ತು ಮಗಳ ಡಿಗ್ರಿ

ಹನ್ನೆರಡನೇ ತರಗತಿ ಮುಗಿಸಿದ ಮಗಳು ಶಿಕ್ಷಣದ ತತ್ತ್ವಶಾಸ್ತ್ರ ಓದುತ್ತೇನೆ ಅಂದಾಗ ನನ್ನ ಬಾಯಿಂದ ಬಂದದ್ದು ಎಲ್ಲ ಅಪ್ಪಂದಿರ ಪ್ರಶ್ನೆಯೇ: “ಅದನ್ನೋದಿ ಏನ್ ಮಾಡ್ತೀಯವಾ?”

“ಶಾಲಿ ಯಾಕ ಹಿಂಗ ಅದ ಅಂತ ತಿಳಕೋತೀನಪ್ಪಾ.”

ಕೋಥರೂಡಿನ ನಮ್ಮ ಮನೆಯಲ್ಲಿ ಎರಡು ವಾರ ಇದೇ ಜಗಳ. ಆ ಹೆಸರಿನ ಬಿ.ಎ. ಪುಣೆಯಲ್ಲಿ ನಮಗೆ ಸಿಗಲಿಲ್ಲ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬಿ.ಎಡ್. ಓದುವವರಿಗಿರುವ ಒಂದು ಪೇಪರ್. ಕಡೆಗೆ ತತ್ತ್ವಶಾಸ್ತ್ರದ ಬಿ.ಎ. ಸೇರುವುದು, ಬರೆಯುವ ಪ್ರಬಂಧಗಳನ್ನು ಶಿಕ್ಷಣದ ಕಡೆ ತಿರುಗಿಸಿಕೊಳ್ಳುವುದು ಎಂದು ರಾಜಿಯಾಯಿತು. ಪುಣೆಗೂ ಕನ್ನಡ ನಾಡಿನ ತತ್ತ್ವಜ್ಞಾನಿಗಳಿಗೂ ನಂಟು ಹಳೆಯದು ಬಿಡಿ. ಜಮಖಂಡಿಯ ಗುರುದೇವ ರಾನಡೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಇದೇ ವಿಷಯ ಕಲಿಸಿದವರು.

ಮೊದಲ ವರ್ಷ ಪ್ಲೇಟೋ, ರೂಸೋ, ಡ್ಯೂಯಿ. ನನಗೆ ಅರ್ಥವಾಗಿದ್ದು ಅಷ್ಟಕ್ಕಷ್ಟೇ. ಆಮೇಲೆ ಒಂದು ದಿನ ಭಿಡೇ ವಾಡಾ ಇದ್ದ ಜಾಗಕ್ಕೆ ಕರೆದೊಯ್ದಳು. 1848ರಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲೇ. 1882ರಲ್ಲಿ ಜ್ಯೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಇಟ್ಟ ವಾದವನ್ನೂ ಹೇಳಿದಳು: ರೈತ ಕೊಟ್ಟ ಕಂದಾಯ ಮೇಲಿನವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ರೈತನ ಮಕ್ಕಳಿಗೆ ಪ್ರಾಥಮಿಕ ಶಾಲೆಯೂ ಇಲ್ಲ. ತತ್ತ್ವಶಾಸ್ತ್ರ ಎಂದರೆ ಆತ್ಮ-ಪರಮಾತ್ಮ ಅಂದುಕೊಂಡಿದ್ದ ನನಗೆ ಇದು ಲೆಕ್ಕಪತ್ರದ ಮಾತಿನಂತೆ ಕೇಳಿತು. ನಾನು ಅಕೌಂಟೆಂಟ್; ಅಲ್ಲಿಂದ ಕಿವಿಗೊಟ್ಟೆ.

ಕೋಥರೂಡಿನಲ್ಲಿ ‘ಜೆ. ಪಿ. ನಾಯಕ ಪಥ’ ಅಂತ ರಸ್ತೆಯಿದೆ. ವರ್ಷಗಟ್ಟಲೆ ಅದೇ ದಾರಿಯಲ್ಲಿ ತರಕಾರಿ ತಂದಿದ್ದೇನೆ, ಯಾರು ಈ ನಾಯಕ ಅಂತ ಕೇಳಿದವನಲ್ಲ. ಮಗಳೇ ಹೇಳಿದಳು. 1964ರಿಂದ 66ರವರೆಗೆ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು ಬಂದ ಮೇಲೆ ಗ್ರಾಮಸುಧಾರಣೆಗೆಂದು ಅವರು ಹೋಗಿ ಕೂತದ್ದು ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ! ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದದ್ದು ಅದರ ಪಕ್ಕದ ಹಳ್ಳಿಯಲ್ಲಿ.

ನಾಯಕರು ಭಾರತದ ಶಿಕ್ಷಣವನ್ನು ಒಂದು ತ್ರಿಕೋನವಾಗಿ ನೋಡಿದರು: ಸಮಾನತೆ, ಗುಣಮಟ್ಟ, ಸಂಖ್ಯೆ. ಮೂರನ್ನೂ ಒಟ್ಟಿಗೆ ಹಿಡಿಯಲು ಹೋದರೆ ಕೈಗೆ ಸಿಗದ ತ್ರಿಕೋನ. ಕೊಠಾರಿ ವರದಿ ಒಂದೇ ಕೇರಿಯ ಎಲ್ಲ ಮಕ್ಕಳಿಗೂ ಒಂದೇ ಶಾಲೆ ಅಂದಿತ್ತು, ಮಾತೃಭಾಷೆಯ ಮಾಧ್ಯಮವನ್ನೂ ಎತ್ತಿ ಹಿಡಿದಿತ್ತು.

ಇದನ್ನೆಲ್ಲ ವಿವರಿಸಿದ ಮಗಳು ಊಟದ ನಡುವೆ ಕೇಳಿದಳು: “ಕನ್ನಡ ಸಂಘದ ಕನ್ನಡ ಶಾಲಿ ಈ ಊರಾಗೇ ಇತ್ತಲ್ಲಪ್ಪಾ, ನನ್ನ ಯಾಕ ಅಲ್ಲಿಗೆ ಕಳಸಲಿಲ್ಲ?”

ವರ್ಗಾವಣೆ ಆಗಬಹುದಿತ್ತು ಅಂದೆ. ಅದು ಅರ್ಧ ನಿಜ. ಆಫೀಸಿನ ಎಲ್ಲರ ಮಕ್ಕಳೂ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು, ನನಗೆ ಧೈರ್ಯವಾಗಲಿಲ್ಲ. ಕನ್ನಡ ಮಾಸ್ತರರ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ.

ಈಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಜ್ಜನ ಶಾಲೆಯ ದಿನಚರಿ ಬೇಕಂತೆ. ಟ್ರಂಕಿನಿಂದ ತೆಗೆದುಕೊಟ್ಟೆ. ಮುಂದೆ ಎಂ.ಎ. ಓದಬೇಕೋ ಬಿ.ಎಡ್. ಮಾಡಬೇಕೋ, ಕೆಲಸ ಎಲ್ಲಿ ಸಿಗುತ್ತದೋ, ಇನ್ನೂ ತೀರ್ಮಾನವಾಗಿಲ್ಲ. ಅವಳ ಅಮ್ಮನಿಗೆ ಅದೇ ಚಿಂತೆ. ರವಿವಾರ ಬೆಳಿಗ್ಗೆ ಮಾತ್ರ ಅಪ್ಪ-ಮಗಳು ದಿನಚರಿ ಹಿಡಿದು ಕೂರುತ್ತೇವೆ. ಕಳೆದ ವಾರ ‘ವಿದ್ಯಾರ್ಥಿ’ ಎಂಬಲ್ಲಿ ಅರ್ಕಾವೊತ್ತು ಕಂಡು ನಿಂತಳು. ನಾನು ಓದಿ ಹೇಳಲಿಲ್ಲ. ಇನ್ನೊಮ್ಮೆ ನೋಡು ಅಂದೆ.